ಆಟದಕ್ಕನ ಅತ್ತೆ

ಅತ್ತೆ ಎಂದರೆ ಹೇಗಿರಬೇಕು ಎಂದು ಲೋಕ ಒಂದು ಅಂದಾಜು ಇಟ್ಟುಕೊಂಡಿದೆ. ಆ ಅಂದಾಜಿನ ಪ್ರಕಾರ ಆಟದಕ್ಕನ ಅತ್ತೆಗೆ ತಲೆ ಕೆಟ್ಟಿತ್ತು ಎಂದೇ ಹೇಳಬೇಕು. ವಯಸ್ಸು ಅರವತ್ತು ದಾಟಿದೆ, ಎರಡೂ ಮಂಡಿ ನೋವು, ಮೈ ತುಂಬಾ ಭಾರಿ. ಇಷ್ಟಾದರೂ ಸಂಜೆಯಾಯಿತೆಂದರೆ ನಡುಮನೆಯ ನೆಲದ ಮೇಲೆ ಕಾಲು ಅಗಲಿಸಿ ಕೂತು, ತಲೆ ಒಂದು ಕಡೆಗೆ ವಾಲಿಸಿ, ಬೆರಳು ಬಾಯಿಗಿಟ್ಟುಕೊಂಡು ಸೊಸೆಯನ್ನು ಕೂಗುತ್ತಿದ್ದರು.

"ಬಾರಮ್ಮ, ನಾನು ರೆಡಿ. ಇವತ್ತು ನನಗೆ ಎಷ್ಟು ತಿಂಗಳು?"

"ಹದಿನಾಲ್ಕು, ಅತ್ತೆ."

"ಹಲ್ಲು ಬಂದಿದೆಯಾ?"

"ಆರು."

"ಪರವಾಗಿಲ್ಲ, ಈಗಿರೋದಕ್ಕಿಂತ ಎರಡು ಜಾಸ್ತೀನೇ ಆಯ್ತು."

ಈ ಹುಚ್ಚಾಟಕ್ಕೆಲ್ಲ ಕಾರಣ ಸೊಸೆಯ ಕೆಲಸ. ಪುಟ್ಟ ಮಕ್ಕಳ ಆಹಾರ ಮತ್ತು ಬೆಳವಣಿಗೆಯ ಬಗ್ಗೆ ಸಂಶೋಧನೆ ಮಾಡುವ ತಂಡವೊಂದು ಆ ಬಡಾವಣೆಗೆ ಬಂದು ವರ್ಷವಾಗುತ್ತ ಬಂದಿತ್ತು. ಅಲ್ಲಿನ ಮಕ್ಕಳು ವಯಸ್ಸಿಗೆ ತಕ್ಕ ಉದ್ದವಿರಲಿಲ್ಲ, ತೂಕವಿರಲಿಲ್ಲ, ಮಾತು ನಡಿಗೆ ಎಲ್ಲವೂ ತಡ. ತಂಡದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಡಾಕ್ಟರಮ್ಮ ಎನ್ನುತ್ತಿದ್ದರು. ಅವರ ಪ್ರಶ್ನೆ ಒಂದೇ. ಇಂಥ ಮಕ್ಕಳಿಗೆ ಒಳ್ಳೆಯ ಆಹಾರ ಕೊಟ್ಟರೆ ಸಾಕೋ, ಅಥವಾ ಅದರ ಜೊತೆಗೆ ಯಾರಾದರೂ ಕೂತು ಆಡಿಸಿ ಮಾತಾಡಿಸಿದರೇನೇ ಬುದ್ಧಿ ಚಿಗುರುವುದೋ? ಬಡಾವಣೆಯ ನಡುವೆ ಬಸ್ಸು ಓಡಾಡುವ ದೊಡ್ಡ ರಸ್ತೆಯಿತ್ತು. ಯಾವ ಕಡೆಗೆ ಏನು ಎಂದು ಚೀಟಿ ಎತ್ತಿದರು. ರಸ್ತೆಯ ಈ ಕಡೆಯ ಬೀದಿಗಳಿಗೆ ಕಡಲೆಕಾಯಿ, ಹಾಲಿನ ಪುಡಿ ಅರೆದು ಮಾಡಿದ ಆಹಾರದ ಪೊಟ್ಟಣವೂ ಬಂತು, ಆಟವೂ ಬಂತು. ಆ ಕಡೆಯವರಿಗೆ ಬರೀ ಪೊಟ್ಟಣ. ಎರಡು ವರ್ಷ ಕಳೆದ ಮೇಲೆ ಎರಡೂ ಕಡೆಯ ಮಕ್ಕಳನ್ನು ಹೋಲಿಸಿ ನೋಡುವುದು, ಆಟದಿಂದ ಲಾಭವಿದೆ ಎಂದು ಗೊತ್ತಾದರೆ ಆ ಕಡೆಗೂ ಆಟ ಕೊಡುವುದು, ಮುಂದೆ ಊರೂರಿಗೂ ಕೊಡುವುದು ಎಂದು ತೀರ್ಮಾನವಾಗಿತ್ತು.

ಈ ಕಡೆ ಮನೆಮನೆಗೆ ಹೋಗಿ ತಾಯಂದಿರಿಗೆ ಆಟ ಹೇಳಿಕೊಡುತ್ತಿದ್ದವಳೇ ನಮ್ಮ ಆಟದಕ್ಕ. ಬೆನ್ನಿಗೊಂದು ಚೀಲ, ಅದರೊಳಗೆ ಮರದ ತುಂಡುಗಳು, ಬಾಟಲಿ ಮುಚ್ಚಳಗಳು, ಒಂದು ಲೋಟ, ಬಚ್ಚಿಡಲು ಒಂದು ಬಟ್ಟೆ ಚೂರು. ಅವಳು ಬೀದಿಗೆ ಕಾಲಿಟ್ಟರೆ ತೆವಳುವ ಮಕ್ಕಳು ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದವು. ತೆವಳಲು ಬಾರದವು ಕೂತಲ್ಲೇ ಕುಣಿಯುತ್ತಿದ್ದವು.

ತರಬೇತಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಯಾವ ಹೊಸ ಆಟವನ್ನೂ ಸೀದಾ ಮಗುವಿನ ಮುಂದೆ ಆಡಬಾರದು, ಮೊದಲು ದೊಡ್ಡವರೊಬ್ಬರನ್ನು ಮಗುವೆಂದು ಕೂರಿಸಿಕೊಂಡು ಕೈ ಪಳಗಿಸಿಕೊಳ್ಳಬೇಕು. ಆಟದಕ್ಕ ಮೊದಲು ಗಂಡನನ್ನೇ ಕೂರಿಸಿದಳು. ಆತ ಬಸ್ ಡ್ರೈವರ್. ಎರಡು ನಿಮಿಷ ಮಗುವಾಗಿ ಕೂತ, ಮೂರನೆಯ ನಿಮಿಷಕ್ಕೆ ಗೊರಕೆ ಹೊಡೆದ. ಅಲುಗಾಡಿಸಿ ಎಬ್ಬಿಸಿದರೆ, "ಮಗು ಮಲಗಿದೆ ಅಂತ ಬರ್ಕೊಂಡು ಹೋಗಮ್ಮ, ನಾಳೆ ಬಾ," ಎಂದ. ಆಗ ಬಾಗಿಲ ಬಳಿ ನಿಂತು ನೋಡುತ್ತಿದ್ದ ಅತ್ತೆ ಮುಂದೆ ಬಂದರು. "ಅವನು ಚಿಕ್ಕೋನಿದ್ದಾಗ್ಲೂ ಹೀಗೇ. ಏಳೋ ಅತ್ತ. ನಾನು ಕೂರ್ತೀನಿ," ಎಂದರು.

ಅತ್ತೆ ತಮ್ಮ ಕಾಲದಲ್ಲಿ ಸಿನಿಮಾ ಟಾಕೀಸಿನ ಬಾಗಿಲಲ್ಲಿ ನಿಂತು ಟಿಕೇಟು ಹರಿಯುವ ಕೆಲಸ ಮಾಡಿದವರು. ಟಿಕೇಟಿಲ್ಲದ ಸೊಳ್ಳೆಯನ್ನೂ ಒಳಗೆ ಬಿಟ್ಟವರಲ್ಲ ಎಂದು ಊರೇ ಹೇಳುತ್ತಿತ್ತು. ಸ್ವಂತ ತಮ್ಮನನ್ನು ಇಂಟರ್ವಲ್ ತನಕ ಹೊರಗೆ ನಿಲ್ಲಿಸಿದ್ದರಂತೆ. ಅಂಥವರು ಮಗುವಾಗಿ ಕೂತರೆ ಆ ಮಗು ಎಂಥದ್ದಿರಬೇಡ! ಮರದ ತುಂಡು ಕೊಟ್ಟರೆ ಸುಮ್ಮನೆ ತೆಗೆದುಕೊಳ್ಳುತ್ತಿರಲಿಲ್ಲ. ಮೊದಲು ಅಂಗೈ ಚಾಚುತ್ತಿದ್ದರು. ಸೊಸೆ ಅದರ ಮೇಲೆ ಒಂದು ಮುಚ್ಚಳ ಇಡಬೇಕು. ಅದನ್ನು ಎರಡೂ ಕೈಯ ಬೆರಳುಗಳಲ್ಲಿ ಹಿಡಿದು ಗಾಳಿಯಲ್ಲೇ "ಚರ್ರ್" ಎಂದು ಹರಿದಂತೆ ಮಾಡಿ, ಗದ್ದದಿಂದ ಬಾಗಿಲ ಕಡೆ ತೋರಿಸಿ, ಆಮೇಲೆ ಮರದ ತುಂಡನ್ನು ತುಂಡಿನ ಮೇಲೆ ಪೇರಿಸುತ್ತಿದ್ದರು.

"ಅತ್ತೆ, ಇದು ನಮ್ಮ ಆಟದಲ್ಲಿಲ್ಲ."

"ಟಿಕೇಟ್ ಇಲ್ದೆ ಯಾವ ಆಟ ಇರುತ್ತಮ್ಮ?"

ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆದರೆ ಆ ಟಿಕೇಟಿನಾಟವನ್ನು ಅವಳು ಯಾವ ಮನೆಯಲ್ಲೂ ಹೇಳಿಕೊಡಲಿಲ್ಲ. ಕಲಿಸಿಕೊಟ್ಟದ್ದನ್ನು ಬಿಟ್ಟು ಒಂದಿಂಚು ಆಚೆ ಈಚೆ ಹೋಗುವವಳಲ್ಲ ಅವಳು.

ಇಷ್ಟಾಗಿದ್ದರೆ ಇದು ಸುಖಸಂಸಾರದ ಕಥೆಯಾಗಿ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾದಿನಿಯ ಮನೆ ಇದ್ದದ್ದು ರಸ್ತೆಯ ಆ ಕಡೆ. ನಾದಿನಿಗೊಂದು ಹೆಣ್ಣುಮಗು. ಹುಟ್ಟಿದಾಗ ಎಷ್ಟು ಚಿಕ್ಕದಿತ್ತೆಂದರೆ ಗುಬ್ಬಿ ಎಂದು ಕರೆದದ್ದೇ ಹೆಸರಾಗಿ ನಿಂತಿತು. ಒಂಬತ್ತು ತಿಂಗಳಾದರೂ ಗುಬ್ಬಿ ನೆಟ್ಟಗೆ ಕೂರುತ್ತಿರಲಿಲ್ಲ. ಅಳುವುದಕ್ಕೂ ಬೇಸರ ಎಂಬಂತೆ ಗೋಡೆಯ ಮೂಲೆ ನೋಡುತ್ತ ಮಲಗಿರುತ್ತಿದ್ದಳು. ತೋಳಿನ ಸುತ್ತಳತೆ ತೆಗೆದ ದಿನ ಪಟ್ಟಿಯಲ್ಲಿ ಹಳದಿ ಬಣ್ಣ ಬಂದು ನಿಂತಿತು. ಹಳದಿ ಎಂದರೆ ಎಚ್ಚರ ಎಂದು ಅರ್ಥ. ಅವಳಿಗೆ ಪೊಟ್ಟಣವೇನೋ ಬಂತು. ಆಟ ಬರಲಿಲ್ಲ. ಚೀಟಿ ಹಾಗೆ ಬಿದ್ದಿತ್ತು.

ಆಟದಕ್ಕ ಕೆಲಸಕ್ಕೆ ಸೇರುವಾಗಲೇ ಡಾಕ್ಟರಮ್ಮನಿಗೆ ಇದನ್ನು ಹೇಳಿದ್ದಳು. "ನಮ್ಮನೆ ಮಗು ಆ ಕಡೆ ಇದೆ ಮೇಡಂ."

"ಹಾಗಾದ್ರೆ ಆ ಮನೆಗೆ ಹೋದಾಗ ಕೈ ಕಟ್ಕೊಂಡು ಕೂತ್ಕೋಬೇಕು," ಎಂದಿದ್ದರು ಡಾಕ್ಟರಮ್ಮ. "ಕಷ್ಟ ಅಂತ ಗೊತ್ತು. ಆದ್ರೆ ನೀವು ಒಂದು ಸಲ ಆಡಿಸಿದ್ರೆ ಇನ್ನೊಬ್ಬರು ಕೇಳ್ತಾರೆ, ಮತ್ತೊಬ್ಬರು ಕೇಳ್ತಾರೆ. ಆಮೇಲೆ ಎರಡು ಕಡೆಗೂ ವ್ಯತ್ಯಾಸವೇ ಇರಲ್ಲ."

ಅವಳು ಮಾತಿಗೆ ತಪ್ಪಲಿಲ್ಲ. ನಾದಿನಿಯ ಮನೆಗೆ ಹೋದಾಗ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಗುಬ್ಬಿ ಕಣ್ಣಿಗೆ ಕಣ್ಣು ಕೊಟ್ಟರೆ ಎಲ್ಲಿ ಬಾಯಿ ತಾನಾಗಿ "ಕೂ" ಎಂದುಬಿಡುತ್ತದೋ ಎಂದು ಕ್ಯಾಲೆಂಡರ್ ನೋಡುತ್ತಿದ್ದಳು. ಪರರ ಮಕ್ಕಳ ಮುಂದೆ ಕೋತಿಯಂತೆ ಕುಣಿಯುವವಳು ಮನೆಯ ಮಗುವಿನ ಮುಂದೆ ಕಂಬದಂತೆ ಕೂರಬೇಕು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾದಿನಿ ನಗುತ್ತಲೇ ಅಂದದ್ದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಅಲ್ಲಿಂದ ಮನೆಗೆ ಬರುವ ದಾರಿಯಲ್ಲಿ ಎಷ್ಟೋ ಸಲ ಅತ್ತಿದ್ದಳು.

ಇನ್ನು ಅತ್ತೆಯ ವಿಷಯ. ನಾದಿನಿ ಪ್ಯಾಕಿಂಗ್ ಕಾರ್ಖಾನೆಗೆ ಹೋಗುವವಳಾದ್ದರಿಂದ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗುಬ್ಬಿಯನ್ನು ನೋಡಿಕೊಳ್ಳುತ್ತಿದ್ದವರು ಅತ್ತೆಯೇ. ಬುದ್ಧಿ ಇರುವ ಯಾರಿಗಾದರೂ ಇಲ್ಲಿ ಅಪಾಯದ ವಾಸನೆ ಬಡಿಯಬೇಕು. ಸಂಜೆ ಈ ಕಡೆ ಮಗುವಾಗಿ ಆಟ ಕಲಿಯುವವರು ಬೆಳಿಗ್ಗೆ ಆ ಕಡೆ ಮಗು ನೋಡಿಕೊಳ್ಳುತ್ತಾರೆ! ಆಟದಕ್ಕನಿಗೂ ಬಡಿಯಿತು. ಒಂದು ಸಂಜೆ ಎಚ್ಚರಿಸಿದಳು.

"ಅತ್ತೆ, ಇಲ್ಲಿ ಆಡಿದ್ದು ಇಲ್ಲೇ ಇರಬೇಕು. ರಸ್ತೆ ದಾಟಬಾರದು."

"ನನಗೆ ಹೇಳ್ತೀಯಾ? ಬಾಗಿಲು ಕಾಯೋದು ನನಗೆ ಹೊಸದಾ?"

ಸೊಸೆ ನಂಬಿದಳು. ಡಾಕ್ಟರಮ್ಮನಿಗೆ ನಾದಿನಿಯ ವಿಷಯ ಹೇಳಿದವಳು, ಅತ್ತೆಯ ಜೊತೆ ಆಡುವ ವಿಷಯವನ್ನು ಮಾತ್ರ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಿದೆ ಅನ್ನಿಸಿತ್ತು. ಚೀಲದಲ್ಲಿನ ಮುಚ್ಚಳಗಳು ಆಗಾಗ ಕಡಿಮೆಯಾದಾಗ ಇಲಿ ಒಯ್ದಿರಬೇಕು ಎಂದುಕೊಂಡಳು. ಗುಬ್ಬಿ ಕೂತಳು, ತೆವಳಿದಳು, ಕೊನೆಗೆ ಗೋಡೆ ಹಿಡಿದು ನಡೆದಳು. ಅದೆಲ್ಲ ಪೊಟ್ಟಣದ ಮಹಿಮೆ ಎಂದು ಸಮಾಧಾನಪಟ್ಟಳು.

ಒಂದು ವರ್ಷ ತುಂಬಿದಾಗ ನಡುಪರೀಕ್ಷೆ ಬಂತು. ಸ್ಟೇಷನರಿ ಅಂಗಡಿಯ ಮಹಡಿಯ ಮೇಲೆ ಬಾಡಿಗೆಗೆ ಹಿಡಿದ ಉದ್ದ ಕೋಣೆ ಅದು. ಪ್ಲೈವುಡ್ ಹಲಗೆ ಅಡ್ಡ ನಿಲ್ಲಿಸಿ ಮೂರು ಭಾಗ ಮಾಡಿದ್ದರು. ಹೊರಗೆ ಬೆಂಚು. ನಡುವೆ ತೂಕದ ಯಂತ್ರ, ಮಗುವನ್ನು ಮಲಗಿಸಿ ಉದ್ದ ಅಳೆಯುವ ಹಲಗೆ. ಅಲ್ಲಿ ಡಾಕ್ಟರಮ್ಮನ ರಾಜ್ಯ. ಕೊನೆಯ ಭಾಗದಲ್ಲಿ ಒಂದು ಪುಟ್ಟ ಮೇಜು, ಅದರ ಹಿಂದೆ ಗೊಂಬೆ ಸಾರ್.

ಗೊಂಬೆ ಸಾರ್ ಎಂದರೆ ಮಕ್ಕಳ ಬುದ್ಧಿ ಬೆಳವಣಿಗೆಯನ್ನು ಪರೀಕ್ಷಿಸುವವರು. ಮಗು ತುಂಡಿನ ಮೇಲೆ ತುಂಡು ಪೇರಿಸುತ್ತದೋ, ಬಟ್ಟೆಯಡಿ ಬಚ್ಚಿಟ್ಟ ಚೆಂಡನ್ನು ಹುಡುಕುತ್ತದೋ, ಕೇಳಿದ್ದನ್ನು ಕೊಡುತ್ತದೋ ಎಂದೆಲ್ಲ ನೋಡಬೇಕು. ಮಗು ಸರಿ ಮಾಡಿದರೂ ತಪ್ಪು ಮಾಡಿದರೂ ತಮ್ಮ ಮುಖದಲ್ಲಿ ಒಂದು ಗೆರೆಯೂ ಅಲುಗಬಾರದು. ಯಾವ ಮಗು ಯಾವ ಕಡೆಯದು ಎಂದು ಅವರಿಗೆ ಗೊತ್ತಿರಲೂಬಾರದು. ಹುಟ್ಟಿನಿಂದಲೇ ನಕ್ಕವರಲ್ಲ ಎಂದು ಎಲ್ಲರೂ ನಂಬಿದ್ದ ಆ ಮನುಷ್ಯನಿಗೆ ಆ ಕೆಲಸ ಹೇಳಿ ಮಾಡಿಸಿದಂತಿತ್ತು.

ಬೆಳಿಗ್ಗೆ ಈ ಕಡೆಯ ಒಂದು ಬೀದಿಯ ಮಕ್ಕಳು ಬಂದು ಹೋದವು. ಮಧ್ಯಾಹ್ನ ಆ ಕಡೆಯ ಒಂದು ಬೀದಿಯದು, ಗುಬ್ಬಿಯ ಬೀದಿ. ಆ ಕಡೆಯವರನ್ನು ಸಂಭಾಳಿಸಬೇಕಾದ ಸಹಾಯಕಿಗೆ ಜ್ವರ ಬಂದು ಡಾಕ್ಟರಮ್ಮ ಆಟದಕ್ಕನನ್ನೇ ಉಳಿಸಿಕೊಂಡರು. "ಚಪ್ಪಲಿ, ಟೋಪಿ ಬಿಚ್ಚಿಸಿ ಒಳಗೆ ಕಳಿಸಿ ಅಷ್ಟೇ. ಮಕ್ಕಳ ಜೊತೆ ಮಾತು ಬೇಡ," ಎಂದರು. ಅವಳು ತುಟಿ ಬಿಗಿದುಕೊಂಡು ಚಪ್ಪಲಿ ಬಿಚ್ಚಿಸುತ್ತ ನಿಂತಳು. ಸಾಲಿನ ಕೊನೆಯಲ್ಲಿ ಅತ್ತೆ, ಅವರ ತೊಡೆಯ ಮೇಲೆ ಗುಬ್ಬಿ.

ಮೊದಲ ಮಗು ಒಳಗೆ ಹೋಯಿತು. ಹಲಗೆಯ ಆಚೆಯಿಂದ ಗೊಂಬೆ ಸಾರ್ ಧ್ವನಿ ಕೇಳಿಸಿತು. "ಇದನ್ನ ತಗೋ. ಇದರ ಮೇಲೆ ಇಡು."

ಆಮೇಲೆ ಪುಟ್ಟ ಬಾಯಿಯೊಂದು "ಚರ್ರ್" ಎಂದಿತು.

ಕಾಗದ ಹರಿದಿರಬೇಕು ಎಂದುಕೊಂಡಳು ಆಟದಕ್ಕ. ಎರಡನೆಯ ಮಗು ಹೋಯಿತು. "ಚರ್ರ್." ಮೂರನೆಯದು ಸ್ವಲ್ಪ ತೊದಲು. "ತ್ಯರ್ರ್." ಮೆಲ್ಲಗೆ ಹೋಗಿ ಹಲಗೆಯ ಸಂದಿಯಲ್ಲಿ ಇಣುಕಿದಳು. ಒಂದೂವರೆ ವರ್ಷದ ಪೋರ ಗೊಂಬೆ ಸಾರ್ ಮುಂದೆ ಅಂಗೈ ಚಾಚಿ, ಕೊಟ್ಟ ತುಂಡನ್ನು ಗಾಳಿಯಲ್ಲಿ ಹರಿದು, ಗದ್ದ ಎತ್ತಿ ಬಾಗಿಲು ತೋರಿಸುತ್ತಿದ್ದ. ಗೊಂಬೆ ಸಾರ್ ಮುಖ ಎಂದಿನಂತೆ ಇತ್ತು. ಹಣೆ ಮಾತ್ರ ಬೆವರುತ್ತಿತ್ತು.

ಅವಳು ಬೆಂಚಿನ ಹತ್ತಿರ ಬಂದಳು. ಅತ್ತೆ ಸೂರು ನೋಡುತ್ತಿದ್ದರು.

"ಅತ್ತೆ."

"ಏನಮ್ಮ?"

"ಒಳಗೆ ಮಕ್ಕಳು ಟಿಕೇಟ್ ಹರೀತಿವೆ."

"ಮಕ್ಕಳು ಏನೇನೋ ಮಾಡ್ತಾವೆ."

"ಎಲ್ಲಾ ಮಕ್ಕಳೂ ಅದನ್ನೇ ಮಾಡ್ತಿವೆ."

"ಹೌದಾ? ಜಾಣ ಮಕ್ಕಳು."

ಮಳ್ಳಿ ಮಳ್ಳಿ, ಮಂಚಕ್ಕೆಷ್ಟು ಕಾಲು ಎಂದರೆ ಮೂರು ಮತ್ತೊಂದು ಎನ್ನುವ ಜಾತಿ. ಸೊಸೆ ಬಗ್ಗಿ ಅತ್ತೆಯ ಕಣ್ಣಿಗೆ ನೇರ ಕಣ್ಣಿಟ್ಟಳು. ಆಗ ಅತ್ತೆ ಸೂರು ಬಿಟ್ಟು ನೆಲ ನೋಡಿದರು, ಪಿಸುಮಾತಿನಲ್ಲಿ ಎಲ್ಲವನ್ನೂ ಕಕ್ಕಿದರು. ಗುಬ್ಬಿ ಹೀಗೆ ಗೋಡೆ ನೋಡುತ್ತ ಮಲಗಿರುವುದನ್ನು ನೋಡಲಾಗಲಿಲ್ಲ. ಒಂದು ದಿನ ಒಂದೇ ಒಂದು ಆಟ ಆಡಿಸಿದರು. ಗುಬ್ಬಿ ನಕ್ಕಳು. ಹುಟ್ಟಿದ ಮೇಲೆ ಮೊದಲ ಸಲ ನಕ್ಕಳು ಅಂತ ಅತ್ತೆಗೆ ಅನ್ನಿಸಿತು. ನಗು ಕೇಳಿ ಪಕ್ಕದ ಮನೆಯ ಮಗು ಬಂತು. ಅದನ್ನು ಹುಡುಕಿಕೊಂಡು ಅದರ ಅಮ್ಮ ಬಂದಳು, ಅವಳ ಹಿಂದೆ ಅವಳ ಓರಗಿತ್ತಿ. ವಠಾರದ ಅಂಗಳದಲ್ಲಿ ದಿನಾ ಬೆಳಿಗ್ಗೆ ಜಾಗ ಸಾಲದಾಯಿತು.

"ಕೊನೆಗೆ ಸಾಲು ನಿಲ್ಲಿಸಿ ಟಿಕೇಟ್ ಇಡಬೇಕಾಯ್ತಮ್ಮ," ಎಂದರು ಅತ್ತೆ. "ಅದೇ ಅವಕ್ಕೆ ಎಲ್ಲಕ್ಕಿಂತ ಇಷ್ಟ."

"ಬಾಗಿಲು ಕಾಯ್ತೀನಿ ಅಂದ್ರಿ!"

"ಕಾದೆ ಕಣಮ್ಮ. ಆದ್ರೆ ಒಳಗೆ ಅಷ್ಟು ಒಳ್ಳೆ ಆಟ ನಡೀತಿರೋವಾಗ ನನ್ನ ಮೊಮ್ಮಗಳನ್ನ ಹೊರಗೆ ಹೇಗೆ ನಿಲ್ಲಿಸಲಿ?"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆಟದಕ್ಕನಿಗೆ ಸಿಟ್ಟು ಬಂತು. ಅದರ ಬೆನ್ನಿಗೇ ನಗು ಬಂತು, ಅಳುವೂ ಬಂತು. ಮೂರರಲ್ಲಿ ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ತಿಳಿಯದೆ ಕೈಯಲ್ಲಿದ್ದ ಪುಟ್ಟ ಟೋಪಿಯನ್ನು ಹಿಂಡುತ್ತ ನಿಂತಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು. ಕೆಲಸ ಉಳಿಯುತ್ತದೆ, ಅತ್ತೆಯ ಮಾನ ಉಳಿಯುತ್ತದೆ. ಆದರೆ ಆ ಯೋಚನೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದು ನೋಡಿದಳು. ಈ ಕಡೆಯ ಮಕ್ಕಳು ಆಡಿ ಬೆಳೆದಿವೆ. ಆ ಕಡೆಯವೂ ಕಳ್ಳತನದಲ್ಲಿ ಆಡಿ ಬೆಳೆದಿವೆ. ಹೋಲಿಸಿದರೆ ಎರಡೂ ಒಂದೇ ಕಾಣುತ್ತವೆ. ಆಟ ಕೊಟ್ಟವಕ್ಕೂ ಕೊಡದವಕ್ಕೂ ವ್ಯತ್ಯಾಸವೇ ಇಲ್ಲ, ಪೊಟ್ಟಣವೊಂದೇ ಸಾಕು ಎಂದು ಡಾಕ್ಟರಮ್ಮ ನಂಬುತ್ತಾರೆ. ಆಗ ಆಟ ಎಲ್ಲ ಕಡೆಯೂ ನಿಲ್ಲುತ್ತದೆ, ಗೋಡೆ ನೋಡುತ್ತ ಮಲಗಿರುವ ಯಾವ ಊರಿನ ಯಾವ ಮಗುವಿನ ಹತ್ತಿರವೂ ಯಾರೂ ಹೋಗುವುದಿಲ್ಲ. ಗುಬ್ಬಿ ಎದ್ದು ಕೂತದ್ದೇ ಆಟದಿಂದ, ಅದೇ ಗುಬ್ಬಿಯ ಹೆಸರಿನಲ್ಲಿ ಆಟ ದಂಡವೆಂದು ತೀರ್ಮಾನವಾಗುತ್ತದೆ! ಕೆಲಸ ಹೋದರೆ ಹೋಗಲಿ ಎಂದು ಟೋಪಿಯನ್ನು ಅತ್ತೆಯ ಕೈಗೆ ತುರುಕಿ ಅವಳು ನಡುಕೋಣೆಗೆ ನುಗ್ಗಿದಳು.

ಅಲ್ಲಿ ಉದ್ದ ಅಳೆಯುವ ಹಲಗೆಯ ಮೇಲೆ ಒಂದು ಮಗು ಪ್ರಾಣ ಹೋಗುವಂತೆ ಕಿರುಚುತ್ತಿತ್ತು. ತಾಯಿ ತಲೆ ಹಿಡಿದಿದ್ದಳು, ಡಾಕ್ಟರಮ್ಮ ಮೊಣಕಾಲು ಒತ್ತಿ ಹಿಡಿದು ಪಾದಕ್ಕೆ ಪಟ್ಟಿ ತಾಗಿಸುತ್ತಿದ್ದರು.

"ಮೇಡಂ, ಒಂದು ವಿಷಯ."

"ಏನು?"

"ನಮ್ಮತ್ತೆ..."

"ಜೋರಾಗಿ ಹೇಳಿ, ಕೇಳಿಸ್ತಿಲ್ಲ!"

"ನಮ್ಮತ್ತೆ, ಮೇಡಂ!"

"ಏನಾಯ್ತು ಅವರಿಗೆ? ನೀರು ಕೊಡಿ!"

ಅಷ್ಟರಲ್ಲಿ ಒಳಗಿನ ಭಾಗದಿಂದ ಗೊಂಬೆ ಸಾರ್ ಹೊರಬಂದರು. ಅವರ ಮುಖದಲ್ಲಿ ಮೊದಲ ಬಾರಿಗೆ ಏನೋ ಇತ್ತು. ಅದು ಭಯ.

"ಮೇಡಂ, ಪರೀಕ್ಷೆ ನಿಲ್ಲಿಸಬೇಕು ಅನ್ಸುತ್ತೆ. ಮಧ್ಯಾಹ್ನದಿಂದ ಬಂದ ಪ್ರತಿ ಮಗುವೂ ಒಂದೇ ಥರ ಕೈ ಸೆಳೀತಿದೆ, ಬಾಯಲ್ಲಿ ಏನೋ ಶಬ್ದ ಮಾಡಿ ಕತ್ತು ಎತ್ತುತ್ತೆ. ನರದ ತೊಂದರೆ ಇರಬಹುದು. ಒಂದು ಬೀದಿ ಮಕ್ಕಳಿಗೆಲ್ಲ!"

ಡಾಕ್ಟರಮ್ಮ ಬಿಳಿಚಿಕೊಂಡರು. "ಪೊಟ್ಟಣ," ಎಂದರು. "ಪೊಟ್ಟಣದಲ್ಲೇ ಏನೋ ಬೆರೆತಿದೆ. ಎರಡೂ ಕಡೆ ಈಗಿಂದೀಗಲೇ ನಿಲ್ಲಿಸಿ! ಎಲ್ಲಾ ಮಕ್ಕಳನ್ನೂ ಆಸ್ಪತ್ರೆಗೆ..."

ಆಟದಕ್ಕ ಇದ್ದಷ್ಟೂ ದನಿ ಎತ್ತಿದಳು. ಅವಳು ಬಾಯಿ ತೆರೆದ ಗಳಿಗೆಗೇ ಹಲಗೆಯ ಮೇಲಿದ್ದ ಮಗು ಉಸಿರೆಳೆದುಕೊಳ್ಳಲು ಅಳು ನಿಲ್ಲಿಸಿತು. ಹಾಗಾಗಿ ಆ ಮಾತು ಮೂರೂ ಕೋಣೆ ದಾಟಿ, ಮೆಟ್ಟಿಲಿಳಿದು, ಕೆಳಗಿನ ಸ್ಟೇಷನರಿ ಅಂಗಡಿಯ ಗಿರಾಕಿಗಳಿಗೂ ಸ್ಪಷ್ಟವಾಗಿ ಕೇಳಿಸಿತು.

"ಅದು ಕಾಯಿಲೆ ಅಲ್ಲ ಮೇಡಂ, ನಮ್ಮತ್ತೆ!"

ಆಮೇಲೆ ನಡೆದದ್ದು ವಿಚಾರಣೆ. ಅತ್ತೆ ಗುಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಬಂದು, ಕೇಳುವ ಮೊದಲೇ, "ನನ್ನ ಸೊಸೇದು ಏನೂ ತಪ್ಪಿಲ್ಲ. ಅವಳು ಬೇಡ ಅಂದಿದ್ಲು," ಎಂದರು. ಆಟದಕ್ಕ ಅಡ್ಡ ಬಾಯಿ ಹಾಕಿದಳು. "ಇವರ ಜೊತೆ ಆಡಿ ಕಲೀತಿದ್ದೆ ಅಂತ ನಾನು ನಿಮಗೆ ಹೇಳ್ಲಿಲ್ಲ. ನನ್ನದೂ ತಪ್ಪು." ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಅತ್ತೆ ಸೊಸೆ ಅಲ್ಲೇ ಜಗಳಕ್ಕೆ ಬಿದ್ದರು. ತಪ್ಪು ನಂದು ಎಂದು ಅತ್ತೆ ಸೊಸೆ ಕಿತ್ತಾಡಿದ್ದು ಲೋಕದಲ್ಲಿ ಅದೇ ಮೊದಲಿರಬೇಕು.

ಡಾಕ್ಟರಮ್ಮ ನಗಲಿಲ್ಲ. ತೂಕದ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು. ಆ ಹೆಂಗಸು ಬಿಸಿಲಲ್ಲಿ ಬೀದಿ ಬೀದಿ ಅಲೆದು ಕಟ್ಟಿದ ಕೆಲಸ ಅದು. ಅವರ ಕಣ್ಣು ಒದ್ದೆಯಾದದ್ದನ್ನು ನೋಡಿ ಅತ್ತೆ ಜಗಳ ನಿಲ್ಲಿಸಿದರು. ಮೊಮ್ಮಗಳನ್ನು ಎದೆಗೊತ್ತಿಕೊಂಡು, "ಅಷ್ಟೊಂದು ಹಾಳಾಗುತ್ತೆ ಅಂತ ಗೊತ್ತಿರ್ಲಿಲ್ಲಮ್ಮ," ಎಂದರು. ಆ ಮಾತು ಹೃದಯದಿಂದಲೇ ಬಂದಿತ್ತು.

"ಆ ಕಡೆ ಎಷ್ಟು ಬೀದಿ ಸುತ್ತಿದ್ದೀರಿ?" ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ಒಂದೇ."

"ಪಕ್ಕದ ಬೀದಿ? ಅದರಾಚೆಯದು? ಸರಿಯಾಗಿ ಯೋಚನೆ ಮಾಡಿ ಹೇಳಿ."

"ಎಲ್ಲಿಗೆ ಹೋಗ್ಲಮ್ಮ? ಅಲ್ಲಿಗೆ ಹೋಗೋಕೆ ಏರು ಹತ್ತಬೇಕು. ನನ್ನ ಮಂಡಿ ಬಿಡುತ್ತಾ?"

"ಆ ಬೀದಿಯವರು ಗುಬ್ಬಿ ವಠಾರಕ್ಕೆ ಬರ್ತಿದ್ರಾ?"

"ಒಬ್ರೂ ಇಲ್ಲ. ನೀರಿನ ಜಗಳ ಆದ್ಮೇಲೆ ಆ ಬೀದಿಯವರು ಈ ಬೀದಿಯವರ ಮುಖಾನೂ ನೋಡಲ್ಲ."

ಡಾಕ್ಟರಮ್ಮ ಎದ್ದು ನಿಂತರು. ಮಂಡಿನೋವಿನಿಂದ ವಿಜ್ಞಾನಕ್ಕೆ ಇಂಥ ಉಪಕಾರ ಹಿಂದೆಂದೂ ಆಗಿರಲಿಕ್ಕಿಲ್ಲ. ಆ ಕಡೆಯ ಉಳಿದ ಬೀದಿಗಳೆಲ್ಲ ಕೈ ತಾಗದೆ ಹಾಗೇ ಉಳಿದಿದ್ದವು. ಒಂದು ಬೀದಿ ಹೋದರೆ ಕೆಲಸ ಕುಂಟುತ್ತದೆ, ಆದರೆ ಬೀಳುವುದಿಲ್ಲ. ಹಾಗಂತ ಅವರು ಸಲೀಸಾಗಿ ಬಿಟ್ಟುಬಿಡಲಿಲ್ಲ. ಉಳಿದ ಬೀದಿಗಳನ್ನೂ ತಾವೇ ಹೋಗಿ ವಿಚಾರಿಸುವುದಾಗಿ ಹೇಳಿದರು. ಇಂಥ ಇನ್ನೊಂದು ವಿಷಯ ಮುಚ್ಚಿಟ್ಟರೆ ಆಟದಕ್ಕ ಚೀಲ ಒಪ್ಪಿಸಿ ಮನೆಗೆ ಹೋಗಬೇಕು ಎಂದರು. ಅತ್ತೆಗೆ ಆ ಏರು ಹತ್ತುವುದನ್ನು ಶಾಶ್ವತವಾಗಿ ನಿಷೇಧಿಸಿದರು.

"ಮಂಡಿ ವಾಸಿಯಾದ್ರೂ?"

"ವಾಸಿಯಾದ್ರೂ!"

ಗೊಂಬೆ ಸಾರ್ ಅಲ್ಲಿಯವರೆಗೆ ಗೋಡೆಗೊರಗಿ ನಿಂತಿದ್ದರು. ಈಗ ಗಂಟಲು ಸರಿಮಾಡಿಕೊಂಡು, "ಅಜ್ಜಿ, ಅದನ್ನ ಒಂದ್ಸಲ ಮಾಡಿ ತೋರಿಸ್ತೀರಾ?" ಎಂದರು. ಅತ್ತೆ ಗುಬ್ಬಿಯನ್ನು ನೆಲಕ್ಕಿಳಿಸಿ, ಸೆರಗು ಸರಿಮಾಡಿಕೊಂಡು, ಟಾಕೀಸಿನ ಗತ್ತಿನಲ್ಲಿ ಅಂಗೈ ಚಾಚಿ, ಚರ್ರೆಂದು ಹರಿದು, ಗದ್ದದಿಂದ ಅವರಿಗೇ ಬಾಗಿಲು ತೋರಿಸಿದರು. ಗೊಂಬೆ ಸಾರ್ ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಭುಜ ಕುಣಿದವು, ಆಮೇಲೆ ಮನುಷ್ಯ ಗೋಡೆಗುಂಟ ಜಾರಿ ನೆಲಕ್ಕೆ ಕೂತು, ಕನ್ನಡಕ ತೆಗೆದು, ಹೊಟ್ಟೆ ಹುಣ್ಣಾಗುವಂತೆ ನಕ್ಕರು. ತಾಯಂದಿರು ನಕ್ಕರು. ಮಕ್ಕಳು ಏನೂ ತಿಳಿಯದೆ ಎಲ್ಲರಿಗಿಂತ ಜೋರಾಗಿ ನಕ್ಕವು. ಕೊನೆಗೆ ಡಾಕ್ಟರಮ್ಮನಿಗೂ ತಡೆಯಲಾಗಲಿಲ್ಲ.

"ಉಳಿದ ಮಕ್ಕಳನ್ನ ವಾಪಸ್ ಕಳಿಸ್ಲಾ ಮೇಡಂ?" ಕಣ್ಣೊರೆಸಿಕೊಳ್ಳುತ್ತ ಗೊಂಬೆ ಸಾರ್ ಕೇಳಿದರು.

"ಪಾಪ, ಬಂದಿದ್ದಾರೆ. ನೋಡಿ ಕಳಿಸಿ. ಈ ಬೀದಿ ಇನ್ನು ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಡಾಕ್ಟರಮ್ಮ ಅಂದದ್ದು ಅಷ್ಟೇ. ಆ ಮಾತು ಆಟದಕ್ಕನೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ಮೇಡಂ, ನಾನು..."

"ಅಂದ್ರೆ ನಾಳೆಯಿಂದ ಆ ಬೀದಿಗೂ ನೀವೇ ಹೋಗಬೇಕು. ಕದ್ದು ಕಲಿತದ್ದನ್ನ ಸರಿಯಾಗಿಯಾದ್ರೂ ಕಲಿಸಿ."

ಗುಬ್ಬಿಯ ಸರದಿ ಬಂದಾಗ ಆಟದಕ್ಕ ಒಳಗೇ ನಿಂತು ನೋಡಿದಳು. ಗುಬ್ಬಿ ತುಂಡಿನ ಮೇಲೆ ತುಂಡಿಟ್ಟಳು. ಬಟ್ಟೆ ಎತ್ತಿ ಚೆಂಡು ಹುಡುಕಿದಳು. ಕಣ್ಣೆಲ್ಲಿ ಎಂದರೆ ಕಣ್ಣು, ಮೂಗೆಲ್ಲಿ ಎಂದರೆ ಗೊಂಬೆ ಸಾರ್ ಮೂಗು ಹಿಡಿದು ಜಗ್ಗಿದಳು. "ವಯಸ್ಸಿಗೆ ತಕ್ಕ ಹಾಗೇ ಇದ್ದಾಳೆ. ಮಾತು ಸ್ವಲ್ಪ ಹಿಂದೆ, ಅಷ್ಟೇ," ಎಂದರು ಅವರು. ವಯಸ್ಸಿಗೆ ತಕ್ಕ ಹಾಗೆ! ಎಷ್ಟು ಸಪ್ಪೆಯ ಮಾತು. ಅದನ್ನು ಕೇಳಿ ಆಟದಕ್ಕನಿಗೆ ಸಂತೋಷ ತಡೆಯಲಾರದೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವಳು ಮಂಡಿಯ ಮೇಲೆ ಕೂತು ಎರಡೂ ಕೈ ಚಾಚಿದಳು. "ಬಾರೇ ಗುಬ್ಬಿ, ಅತ್ತೆ ಹತ್ರ ಬಾ."

ಗುಬ್ಬಿ ಅವಳನ್ನು ನೋಡಿದಳು. ಆಮೇಲೆ ಅಜ್ಜಿಯ ಹೆಗಲಿನಲ್ಲಿ ಮುಖ ಹುದುಗಿಸಿಕೊಂಡಳು.

ತಪ್ಪು ಮಗುವಿನದಲ್ಲ. ಒಂದು ವರ್ಷ ಮನೆಗೆ ಬಂದಾಗಲೆಲ್ಲ ಕ್ಯಾಲೆಂಡರ್ ನೋಡುತ್ತ ಕೂತವಳನ್ನು ಯಾವ ಮಗು ನಂಬುತ್ತದೆ? ಬೀದಿಯ ಮಕ್ಕಳನ್ನೆಲ್ಲ ನಗಿಸಿದ ಆಟದಕ್ಕನಿಗೆ ಆ ಗಳಿಗೆಯಲ್ಲಿ ಒಂದು ಆಟವೂ ನೆನಪಾಗಲಿಲ್ಲ. ಚಾಚಿದ ಕೈಯನ್ನು ಎಲ್ಲಿಡಬೇಕೆಂದೂ ತಿಳಿಯಲಿಲ್ಲ. "ಬರ್ತಾಳೆ ಬಿಡಮ್ಮ, ನಿಧಾನಕ್ಕೆ," ಎಂದರು ಅತ್ತೆ. ಅವರ ದನಿಯೂ ಸಣ್ಣಗಾಗಿತ್ತು.

ಮೂವರೂ ಮೆಟ್ಟಿಲಿಳಿಯತೊಡಗಿದರು. ಮುಂದೆ ಒಂದೊಂದೇ ಮೆಟ್ಟಿಲು ಗೊಣಗುತ್ತ ಅತ್ತೆ, ಹಿಂದೆ ಸೊಸೆ. ಹೆಗಲ ಮೇಲಿಂದ ಗುಬ್ಬಿ ಹಿಂದಕ್ಕೆ ನೋಡುತ್ತಿದ್ದಳು. ನಡುವಿನ ತಿರುವಿನಲ್ಲಿ ಅವಳ ಒಂದು ಚಪ್ಪಲಿ ಕಳಚಿ ಬಿತ್ತು. ಆಟದಕ್ಕ ಎತ್ತಿ ತೊಡಿಸಿದಳು. ಎರಡು ಮೆಟ್ಟಿಲು ಇಳಿದ ಮೇಲೆ ಮತ್ತೆ ಬಿತ್ತು. ಮತ್ತೆ ತೊಡಿಸಿದಳು. ಮೂರನೆಯ ಸಲ ಚಪ್ಪಲಿ ತಾನಾಗಿ ಬೀಳಲಿಲ್ಲ. ಗುಬ್ಬಿ ಬಗ್ಗಿ ಅದನ್ನು ಕಿತ್ತು, ಕೈಯಲ್ಲಿ ಹಿಡಿದು, ಆಟದಕ್ಕನ ಮುಖವನ್ನೇ ನೋಡುತ್ತ ಎಸೆದಳು. ಆಮೇಲೆ ಕಾದಳು.

"ಅಯ್ಯೋ, ಎಲ್ಲಿ ಹೋಯ್ತೇ ಚಪ್ಪಲಿ!" ಎಂದಳು ಆಟದಕ್ಕ.

ಗುಬ್ಬಿ ಕಿಲಕಿಲ ನಕ್ಕಳು.

ಕೆಳಗೆ ಬೀದಿಗೆ ಬರುವಷ್ಟರಲ್ಲಿ ಚಪ್ಪಲಿ ಎಷ್ಟು ಸಲ ಹಾರಿತೋ ದೇವರೇ ಬಲ್ಲ. ಅಂಗಡಿಯವನು ಗಲ್ಲಾ ಬಿಟ್ಟು ಬಂದು ನೋಡಿದ. ಮಂಡಿಗೆ ಸುಸ್ತಾಗಿ ಅತ್ತೆ ಅಂಗಡಿಯ ಕಟ್ಟೆಯ ಮೇಲೆ ಕೂತರು, ಮಗುವನ್ನು ಸೊಸೆಯ ಕಡೆ ಚಾಚಿದರು. ಗುಬ್ಬಿ ಈ ಸಲ ಹೆಗಲಿನಲ್ಲಿ ಮುಖ ಮುಚ್ಚಲಿಲ್ಲ, ದಾಟಿ ಬಂದಳು. ಎಷ್ಟು ಹಗುರ, ಎಷ್ಟು ಬಿಸಿ. ಕಾರ್ಖಾನೆಯಿಂದ ಓಡೋಡಿ ಬರುತ್ತಿದ್ದ ನಾದಿನಿ ದೂರದಿಂದಲೇ, "ಏನಂದ್ರು ಅತ್ತಿಗೆ, ಏನಂದ್ರು?" ಎಂದು ಕೂಗಿದಳು. ಆಟದಕ್ಕ ಉತ್ತರ ಹೇಳಲು ಆ ಕಡೆ ತಿರುಗಿದಳು.

ಗುಬ್ಬಿಗೆ ಅದು ಸರಿಬರಲಿಲ್ಲ. ಎರಡೂ ಅಂಗೈಗಳಿಂದ ಆಟದಕ್ಕನ ಕೆನ್ನೆ ಹಿಡಿದು, ಮುಖವನ್ನು ಬಲವಾಗಿ ತನ್ನ ಕಡೆಗೆ ತಿರುಗಿಸಿಕೊಂಡಳು. ಒಂದು ಗಳಿಗೆ ಕಣ್ಣಲ್ಲಿ ಕಣ್ಣಿಟ್ಟು, ಇನ್ನು ಇವಳು ಬೇರೆ ಕಡೆ ನೋಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಚಪ್ಪಲಿ ಎಸೆದಳು.

ಆಟದಕ್ಕ ಮಗುವನ್ನು ಎತ್ತಿಕೊಂಡೇ ಅದನ್ನು ತರಲು ಓಡಿದಳು.